ಯೋಗಕ್ಷೇಮಕ್ಕೆ ರೂಪಾಯಿಯ ಲೆಕ್ಕ: ಬೇಕೇ, ಬೇಡವೇ?

ಸೇತುವೆ, ಆಸ್ಪತ್ರೆ, ಉಚಿತ ಬಸ್ಸು, ಕಡಿಯದೆ ಉಳಿಸಿದ ಕಾಡು. ಇವುಗಳಿಂದ ಜನರಿಗೆ ಆಗುವ ಒಳಿತನ್ನು ರೂಪಾಯಿಗೆ ಇಳಿಸಿ ಕೂಡಿ ಕಳೆಯಬಹುದೇ? ಸಮಾಜದ ಯೋಗಕ್ಷೇಮದಲ್ಲಿ ಹಣದ ಅಳತೆಗೋಲಿಗೆ ಸಿಗುವ ಭಾಗವನ್ನು ‘ಆರ್ಥಿಕ ಕ್ಷೇಮ’ ಎಂದು ಕರೆದು, 1920ರಲ್ಲಿ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ ಒಂದು ಗೆರೆ ಎಳೆದರು. ಆ ಗೆರೆಯಾಚೆಗೂ ಕೋಲು ಚಾಚಬಹುದೇ, ಗೆರೆಯೊಳಗಾದರೂ ಅದು ಸರಿಯಾಗಿ ಅಳೆಯುತ್ತದೆಯೇ ಎಂಬ ಜಗಳ ಕಲ್ಯಾಣ ಅರ್ಥಶಾಸ್ತ್ರದಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಕಡೆಯ ವಾದ ಕೆಳಗಿದೆ.

ಪರ: ಬರೆಯದೆ ಬಿಟ್ಟ ಬೆಲೆ ಸೊನ್ನೆ

2023ರ ಜೂನ್ 11ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಕಂಡಕ್ಟರ್ ಕೊಡುತ್ತಿರುವುದು ‘ಜೀರೊ ಟಿಕೆಟ್’. ಪ್ರಯಾಣಿಕರು ಕೊಡಬೇಕಾದ್ದು ಸೊನ್ನೆ. ಆದರೆ ಎಲ್ಲಿಂದ ಎಲ್ಲಿಗೆ, ಆ ದೂರಕ್ಕೆ ದರ ಎಷ್ಟಾಗುತ್ತಿತ್ತು ಎಂಬುದು ಲೆಕ್ಕಕ್ಕೆ ಸೇರುತ್ತದೆ. ಅದರ ಮೇಲೆಯೇ ನಿಗಮಗಳು ಸರ್ಕಾರದಿಂದ ಹಣ ಕೇಳುತ್ತವೆ. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್‌ಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಈ ಯೋಜನೆಯ ಬಗ್ಗೆ ಕೇಳಿಬರುವುದು ಎರಡೇ ಮಾತು. ಒಂದು, ‘ಎಲ್ಲ ಬಿಟ್ಟಿ, ದುಡ್ಡು ಹಾಳು’. ಇನ್ನೊಂದು, ‘ಇಷ್ಟು ಸಾವಿರ ಕೋಟಿಯ ಟಿಕೆಟ್ ಕೊಟ್ಟಿದ್ದೇವೆ, ಅಷ್ಟೂ ಹೆಣ್ಣುಮಕ್ಕಳಿಗೆ ಆದ ಲಾಭ’. ಎರಡೂ ತಪ್ಪು. ತಪ್ಪು ಎಲ್ಲಿದೆ ಎಂದು ತೋರಿಸಲು ಬೇಕಾದ ಸಲಕರಣೆ 1844ರಿಂದಲೂ ನಮ್ಮ ಬಳಿ ಇದೆ. ಫ್ರಾನ್ಸಿನ ಸರ್ಕಾರಿ ಎಂಜಿನಿಯರ್ ಜೂಲ್ಸ್ ಡುಪ್ಯೂಯಿ ಆ ವರ್ಷ ಸೇತುವೆ, ಕಾಲುವೆಗಳಂಥ ಸಾರ್ವಜನಿಕ ಕೆಲಸಗಳ ಉಪಯುಕ್ತತೆಯನ್ನು ಅಳೆಯುವುದು ಹೇಗೆಂದು ಬರೆದ. ಸುಂಕ ವಸೂಲಿ ಮಾಡದ ಸೇತುವೆಯಿಂದ ಬೊಕ್ಕಸಕ್ಕೆ ಬರುವುದು ಏನೂ ಇಲ್ಲ. ಹಾಗೆಂದು ಸೇತುವೆ ನಿಷ್ಪ್ರಯೋಜಕವೇ? ದಾಟುವ ಒಬ್ಬೊಬ್ಬರೂ ಗರಿಷ್ಠ ಎಷ್ಟು ಕೊಡಲು ಒಪ್ಪುತ್ತಿದ್ದರು ಎಂಬುದನ್ನು ಕೂಡಿಸಿದರೆ ಸಿಗುವುದೇ ಅದರ ಉಪಯುಕ್ತತೆ ಎಂದ.

ಇದನ್ನೇ ಬಸ್ಸಿಗೆ ಹಚ್ಚೋಣ. ದರ 30 ರೂಪಾಯಿ ಇದ್ದಾಗಲೂ ದಿನಾ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವಳಿಗೆ ಈಗ ಉಳಿದದ್ದು ಪೂರ್ತಿ 30. ಆದರೆ 30 ಕೊಟ್ಟು ಹೋಗದೆ, 10 ರೂಪಾಯಿಯಾದರೆ ಮಾತ್ರ ಹೊರಡುತ್ತಿದ್ದವಳಿಗೆ ಆದ ಲಾಭ 10. ಟಿಕೆಟ್‌ನ ಲೆಕ್ಕದಲ್ಲಿ ಮಾತ್ರ ಅದೂ 30. ಹೊಸದಾಗಿ ಬಸ್ ಹತ್ತಿದವರ ಒಪ್ಪಿಗೆಯ ಬೆಲೆ ಸೊನ್ನೆಯಿಂದ 30ರವರೆಗೆ ಸಮನಾಗಿ ಹರಡಿದ್ದರೆ ಸರಾಸರಿ 15 ಹಿಡಿಯಬಹುದು. ಸಾರಿಗೆ ಯೋಜನೆಗಳ ಲೆಕ್ಕದಲ್ಲಿ ಇದು ‘ಅರ್ಧದ ನಿಯಮ’. ಇನ್ನು ಖರ್ಚಿನ ಕಡೆ: ಹೇಗೂ ಖಾಲಿ ಓಡುತ್ತಿದ್ದ ಮಧ್ಯಾಹ್ನದ ಬಸ್ಸಿಗೆ ಇನ್ನೊಬ್ಬರು ಹತ್ತಿದರೆ ಖರ್ಚು ಹೆಚ್ಚೂಕಮ್ಮಿ ಇಲ್ಲ, ಬೆಳಗಿನ ಎಂಟೂವರೆಯ ಬಸ್ಸಿಗೆ ಹತ್ತಿದರೆ ಉಳಿದವರಿಗೆ ಉಸಿರಾಡಲು ಜಾಗ ಇರುವುದಿಲ್ಲ, ಅದೂ ಒಂದು ಖರ್ಚು. ಹೀಗೆ ಬಿಡಿಸಿದ ಮೇಲೆ ಮಾತ್ರ ಯೋಜನೆಯನ್ನು ಎಲ್ಲಿ ಹಿಗ್ಗಿಸಬೇಕು, ಬಸ್ಸು ಎಲ್ಲಿ ಹೆಚ್ಚಿಸಬೇಕು ಎಂಬ ಕೆಲಸದ ಮಾತು ಹೊರಡುತ್ತದೆ. ಟಿ.ವಿ. ಚರ್ಚೆಯಲ್ಲಿ ಕೂತವರಿಗೆ ಇಷ್ಟು ವ್ಯವಧಾನ ಇಲ್ಲದಿರಬಹುದು, ಬಜೆಟ್ ಬರೆಯುವವರಿಗೆ ಇರಲೇಬೇಕು.

ಹಣವೇ ಏಕೆ? ಹಣ ಎಂದರೆ ಸುಖ ಎಂದಲ್ಲ. ಒಂದು ಕೋಟಿ ರೂಪಾಯಿ ಅಂಗನವಾಡಿಗೆ ಹೋದರೆ ಚೆಕ್ ಡ್ಯಾಮಿಗೆ ಇರುವುದಿಲ್ಲ. ಈ ಆಯ್ಕೆಯನ್ನು ಯಾರಾದರೂ ಮಾಡಿಯೇ ಮಾಡುತ್ತಾರೆ. ಅಳತೆ ಇಲ್ಲದಿದ್ದರೆ ಪ್ರಭಾವಿ ಶಾಸಕರ ಕ್ಷೇತ್ರ ಯಾವುದು, ಯಾವ ಗುತ್ತಿಗೆದಾರ ಹತ್ತಿರದವನು ಎಂಬುದರ ಮೇಲೆ ಅದು ತೀರ್ಮಾನವಾಗುತ್ತದೆ. 1936ರಲ್ಲಿ ಅಮೆರಿಕ ಪ್ರವಾಹ ನಿಯಂತ್ರಣ ಕಾಯ್ದೆ ಮಾಡಿದಾಗ, ಲಾಭ ಯಾರಿಗೇ ಆಗಲಿ, ಅದು ಖರ್ಚನ್ನು ಮೀರಬೇಕೆಂಬ ಷರತ್ತು ಹಾಕಿತು. ಕಂಡಕಂಡ ಹೊಳೆಗೆಲ್ಲ ಅಣೆಕಟ್ಟು ಬೇಡುವ ಜನಪ್ರತಿನಿಧಿಗಳಿಗೆ ‘ಲೆಕ್ಕ ತೋರಿಸಿ’ ಎಂದು ಕೇಳುವ ಅಧಿಕಾರ ಕಾನೂನಿನಲ್ಲೇ ಬಂತು.

ಬೆಲೆ ಕಟ್ಟುವುದೆಂದರೆ ಮಾರಾಟಕ್ಕಿಡುವುದು ಎಂಬ ಭಯ ನಮ್ಮಲ್ಲಿ ಬಹಳ. ಕಾಡಿನ ವಿಷಯದಲ್ಲಿ ಆದದ್ದು ಬೇರೆ. 2002ರವರೆಗೆ ಗಣಿಗೋ ರಸ್ತೆಗೋ ಅರಣ್ಯ ಪಡೆದವರು ಬೇರೆಡೆ ಗಿಡ ನೆಡುವ ಖರ್ಚು ಮತ್ತು ಅಂಥವೇ ಕೆಲವು ಬಾಬ್ತು ಕೊಟ್ಟರೆ ಸಾಕಿತ್ತು. ಮಣ್ಣು ಹಿಡಿದಿಟ್ಟದ್ದು, ಹಳ್ಳಕ್ಕೆ ನೀರು ಬಿಟ್ಟದ್ದು, ಇಂಗಾಲ ಹೀರಿದ್ದು ಯಾವುದಕ್ಕೂ ಕಾಸಿಲ್ಲ. ಆ ವರ್ಷ ಅರಣ್ಯ ರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಡು ಮುಂದೆ ಕೊಡಬಹುದಾದ ಲಾಭದ ಇವತ್ತಿನ ಬೆಲೆಯನ್ನು, ಅಂದರೆ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನು (ಎನ್‌ಪಿವಿ) ಹೆಕ್ಟೇರಿಗೆ 5.80 ಲಕ್ಷದಿಂದ 9.20 ಲಕ್ಷ ರೂಪಾಯಿಯಂತೆ ಕಟ್ಟಿಸಿಕೊಳ್ಳಲು ಹೇಳಿತು. ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ಸಮಿತಿ ಲೆಕ್ಕದ ವಿಧಾನವನ್ನು ಪರಿಶೀಲಿಸಿತು. 2008ರಲ್ಲಿ ಕಾಡಿನ ಬಗೆ, ದಟ್ಟಣೆ ನೋಡಿ 4.38 ಲಕ್ಷದಿಂದ 10.43 ಲಕ್ಷದವರೆಗೆ ದರ ನಿಗದಿಯಾಯಿತು. ಹೀಗೆ ಬಂದ ಹಣ ಮತ್ತು ಪರಿಹಾರ ಅರಣ್ಯೀಕರಣದ ಹಣ ಸೇರಿ 2019ರಲ್ಲಿ ರಾಜ್ಯಗಳಿಗೆ ಹಂಚಿಕೆಯಾದದ್ದು 47,436 ಕೋಟಿ. ದರ ಕಡಿಮೆಯಾಯಿತು ಎಂದು ಜಗಳವಾಡಿ, ನಾನೂ ಜೊತೆಗಿದ್ದೇನೆ. ಆದರೆ ದರ ಎಂಬುದು ಇದ್ದುದರಿಂದಲೇ ಆ ಜಗಳಕ್ಕೆ ಒಂದು ಜಾಗ ಸಿಕ್ಕಿದೆ.

ಅಲಾಸ್ಕದ ಉದಾಹರಣೆ ಇನ್ನೂ ಚೊಕ್ಕ. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಎಂಬ ತೈಲನೌಕೆ ಪ್ರಿನ್ಸ್ ವಿಲಿಯಂ ಸೌಂಡ್‌ನ ಬಂಡೆಗೆ ಬಡಿದು ಕಚ್ಚಾ ತೈಲ ಕಡಲಿಗೆ ಚೆಲ್ಲಿತು. ಮೀನುಗಾರರ ನಷ್ಟ ಎಣಿಸಬಹುದಿತ್ತು. ಆ ಕಡಲನ್ನು ಕಣ್ಣಾರೆ ಕಾಣದ, ಕಾಣುವ ಆಸೆಯೂ ಇಲ್ಲದ, ಆದರೂ ಅದು ಹಾಗೇ ಇರಲಿ ಎಂದು ಬಯಸುವ ಅಮೆರಿಕನ್ನರ ನಷ್ಟ? ಅಲಾಸ್ಕ ರಾಜ್ಯಕ್ಕಾಗಿ ರಿಚರ್ಡ್ ಕಾರ್ಸನ್ ಮತ್ತು ಜೊತೆಗಾರರು ಮನೆಮನೆಗೆ ಹೋಗಿ, ಇಂಥ ಇನ್ನೊಂದು ಅನಾಹುತ ತಡೆಯಲು ನೀವೆಷ್ಟು ಕೊಡುತ್ತೀರಿ ಎಂದು ಕೇಳಿಸಿದರು. 1992ರ ಅವರ ವರದಿಯಲ್ಲಿ ಬಂದ ಮೊತ್ತ, ಕನಿಷ್ಠವೆಂದರೂ, 280 ಕೋಟಿ ಡಾಲರ್. ಮರುವರ್ಷ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ಇದ್ದ ಸಮಿತಿ, ಕಟ್ಟುನಿಟ್ಟಾಗಿ ಮಾಡಿದರೆ ಇಂಥ ಸಮೀಕ್ಷೆಯನ್ನು ಕೋರ್ಟಿನಲ್ಲಿ ವಾದದ ಆರಂಭಕ್ಕೆ ಇಟ್ಟುಕೊಳ್ಳಬಹುದು ಎಂದಿತು. ರೂಪಾಯಿ, ಡಾಲರಿನ ಭಾಷೆ ಬೇಡವೆಂದಿದ್ದರೆ ಕಂಪನಿಯ ವಕೀಲರಿಗೆ ಎಷ್ಟು ಅನುಕೂಲವಾಗುತ್ತಿತ್ತು ಎಂದು ಯೋಚಿಸಿ.

ಬಡವನ ರೂಪಾಯಿಯೂ ಶ್ರೀಮಂತನ ರೂಪಾಯಿಯೂ ಒಂದೇ ಅಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಉತ್ತರವೂ ಈ ಶಾಸ್ತ್ರದ ಒಳಗೇ ಇದೆ. 1972ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಗಾಗಿ ಪಾರ್ಥ ದಾಸ್‌ಗುಪ್ತ, ಸ್ಟೀಫನ್ ಮಾರ್ಗ್ಲಿನ್, ಅಮರ್ತ್ಯ ಸೇನ್ ಬರೆದ ಕೈಪಿಡಿ, ಬಡವರಿಗೆ ಹೋಗುವ ಲಾಭಕ್ಕೆ ಹೆಚ್ಚಿನ ತೂಕ ಕೊಡುವ ಬಗೆಯನ್ನು ವಿವರಿಸಿತ್ತು. ಬ್ರಿಟನ್ನಿನ ಖಜಾನೆಯ ‘ಗ್ರೀನ್ ಬುಕ್’ ತೋರಿಸುವ ಸೂತ್ರದ ಪ್ರಕಾರ, ನಡುಮಟ್ಟದ ಅರ್ಧದಷ್ಟು ಆದಾಯ ಇರುವವರಿಗೆ ಸಿಗುವ ಒಂದು ಪೌಂಡಿಗೆ ಸುಮಾರು ಎರಡೂವರೆ ಪೌಂಡಿನ ತೂಕ.

ಇನ್ನು ಮಾನವ ಅಭಿವೃದ್ಧಿ ಸೂಚ್ಯಂಕದಂಥ ‘ಹಣವಿಲ್ಲದ’ ಅಳತೆಗಳು. ಆಯಸ್ಸು, ಓದು, ಆದಾಯ ಮೂರನ್ನೂ ಒಂದೇ ಅಂಕಿಗೆ ಕಟ್ಟಿದ ಮೇಲೆ, ಒಂದು ವರ್ಷದ ಆಯಸ್ಸಿಗೆ ಎಷ್ಟು ಆದಾಯ ಸಮ ಎಂಬ ಬೆಲೆ ಅದರೊಳಗೇ ಕೂತಿರುತ್ತದೆ. ಅರ್ಥಶಾಸ್ತ್ರಜ್ಞ ಮಾರ್ಟಿನ್ ರವಾಲಿಯನ್ ಆ ಬೆಲೆಯನ್ನು ಹೊರತೆಗೆದು ನೋಡಿದಾಗ, ಬಡದೇಶದವರ ಆಯಸ್ಸಿಗೆ ಸೂಚ್ಯಂಕ ತೀರಾ ಅಗ್ಗದ ದರ ಹಚ್ಚಿತ್ತು. ರೂಪಾಯಿಯ ಲೆಕ್ಕದಲ್ಲಿ ಬೆಲೆ ಮೇಲೆಯೇ ಬರೆದಿರುತ್ತದೆ, ತಪ್ಪಿದ್ದರೆ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದು.

ವಿರೋಧ: ಯಾರ ಜೇಬನ್ನು ಕೇಳುತ್ತಿದ್ದೀರಿ?

ಜೀರೊ ಟಿಕೆಟ್‌ನಿಂದಲೇ ನಾನೂ ಶುರುಮಾಡುತ್ತೇನೆ. ‘10 ರೂಪಾಯಿಯಾದರೆ ಮಾತ್ರ ಹೊರಡುತ್ತಿದ್ದವಳಿಗೆ ಆದ ಲಾಭ 10’ ಎಂದರು. ಆ 10 ಯಾರದ್ದು? ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸು ತವರಿಗೋ ಆಸ್ಪತ್ರೆಗೋ ಹೊರಡಬೇಕೆಂದರೆ ಬಸ್ ಚಾರ್ಜನ್ನು ಗಂಡನ ಹತ್ತಿರವೋ ಮಗನ ಹತ್ತಿರವೋ ಕೇಳಬೇಕು. ಕೇಳಿದಾಗ ‘ಈಗ್ಯಾಕೆ, ಮುಂದಿನ ವಾರ ನೋಡೋಣ’ ಎಂಬ ಉತ್ತರ. ಇಂಥ ಮನೆಯಲ್ಲಿ ಅವಳು ಕೊಡಲೊಪ್ಪುವ ಹಣ ಎಂದು ನೀವು ಬರೆದುಕೊಂಡದ್ದು ಗಂಡ ಕೊಡಲೊಪ್ಪಿದ ಹಣ. ಯಾರನ್ನೂ ಕೇಳದೆ ಸೆರಗು ಸರಿಮಾಡಿಕೊಂಡು ಬಸ್ ಹತ್ತಿದಳಲ್ಲ, ಆ ಯೋಜನೆಯ ಜೀವಾಳ ಅದು. ಅರ್ಧದ ನಿಯಮದಲ್ಲಿ ಅದಕ್ಕೆ ಕಾಲಂ ಇಲ್ಲ.

ಜೇಬು ಅವಳದ್ದೇ ಎಂದುಕೊಳ್ಳೋಣ. ಕೊಡಲೊಪ್ಪುವ ಹಣ ಎಂಬುದು ಕೊಡಬಲ್ಲ ಹಣವನ್ನು ಎಂದೂ ಮೀರುವುದಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ಉಳಿಸಲು ಐ.ಟಿ. ಕಂಪನಿಯವರು 200 ರೂಪಾಯಿ ಸುಲಭವಾಗಿ ತೆಗೆಯುತ್ತಾರೆ. ಮನೆಗೆಲಸಕ್ಕೆ ಎರಡು ಬಸ್ ಬದಲಿಸಿ ಬರುವವಳು ಅದೇ ಇಪ್ಪತ್ತು ನಿಮಿಷಕ್ಕೆ ಐದು ರೂಪಾಯಿ ಎಂದರೆ ಹೆಚ್ಚು. ಇದು ಬರೀ ತರಗತಿಯ ಉದಾಹರಣೆಯೂ ಅಲ್ಲ. ನಮ್ಮ ಹೆದ್ದಾರಿ ಯೋಜನೆಗಳ ಆರ್ಥಿಕ ಲೆಕ್ಕಕ್ಕೆ ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ:30 ಕೈಪಿಡಿ ಇದೆ. ಅದರಲ್ಲಿ ಕಾರಿನಲ್ಲಿ ಕೂತವರ ಒಂದು ಗಂಟೆಗೆ ಒಂದು ದರ, ಬಸ್ಸಿನಲ್ಲಿ ಕೂತವರ ಗಂಟೆಗೆ ಅದಕ್ಕಿಂತ ಕಡಿಮೆ ದರ. ಕಾಗದದ ಮೇಲೆ ಫ್ಲೈಓವರ್ ಗೆಲ್ಲುವುದಕ್ಕೂ ಬಸ್ಸಿನ ಪಥ ಸೋಲುವುದಕ್ಕೂ ಬೇರೆ ಮಸಲತ್ತು ಬೇಕಿಲ್ಲ.

ತೂಕ ಹಾಕಿ ಸರಿಮಾಡಬಹುದು ಎನ್ನುತ್ತಾರೆ. 1972ರ ಕೈಪಿಡಿ ನಿಜ, ಬರೆದವರೂ ದೊಡ್ಡವರೇ. ಆದರೆ ನಮ್ಮ ಯೋಜನೆಗಳ ವಿಸ್ತೃತ ವರದಿಗಳಾದ ಡಿಪಿಆರ್‌ಗಳನ್ನು ತೆರೆದು ನೋಡಿ: ಆರ್ಥಿಕ ಪ್ರತಿಫಲ ಶೇಕಡಾ ಇಷ್ಟು ಎಂಬ ಒಂದು ಅಂಕಿ ಮುಂದೆ ನಿಂತಿರುತ್ತದೆ, ಅದರಲ್ಲಿ ಯಾರಿಗೆ ಎಷ್ಟು ಎಂಬ ಪಟ್ಟಿ ಅಪರೂಪ. ಅಮೆರಿಕದಲ್ಲಿ 2023ರ ನವೆಂಬರಿನಲ್ಲಿ ಸರ್ಕಾರಿ ನಿಯಮಗಳ ಲೆಕ್ಕಕ್ಕೆ ಆದಾಯದ ತೂಕ ಬಳಸಬಹುದೆಂಬ ಸೂಚನೆ ಹೊರಟಿತು, ಸರ್ಕಾರ ಬದಲಾದ ಕೂಡಲೆ 2025ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ತೂಕ ಎಷ್ಟಿರಬೇಕು ಎಂಬುದೇ ರಾಜಕೀಯದ ಪ್ರಶ್ನೆಯಾದರೆ, ರಾಜಕೀಯದಿಂದ ಬಿಡಿಸಿಕೊಳ್ಳಲು ಈ ಅಳತೆ ಬೇಕೆಂಬ ವಾದ ಎಲ್ಲಿ ಉಳಿಯಿತು?

ಈ ಶಾಸ್ತ್ರದ ಬುಡದಲ್ಲೇ ಒಂದು ಬಿರುಕಿದೆ. ಒಬ್ಬರ ಸುಖವನ್ನು ಇನ್ನೊಬ್ಬರ ಸುಖದೊಂದಿಗೆ ತೂಗಲು ವಿಜ್ಞಾನದಲ್ಲಿ ದಾರಿ ಇಲ್ಲ ಎಂದು 1932ರಲ್ಲಿ ಲಯನೆಲ್ ರಾಬಿನ್ಸ್ ಹೇಳಿದ ಮೇಲೆ ಅರ್ಥಶಾಸ್ತ್ರಜ್ಞರು ಇಕ್ಕಟ್ಟಿಗೆ ಸಿಕ್ಕರು. 1939ರಲ್ಲಿ ನಿಕೋಲಸ್ ಕಾಲ್ಡೋರ್, ಜಾನ್ ಹಿಕ್ಸ್ ಒಂದು ಉಪಾಯ ತೋರಿಸಿದರು: ಗೆದ್ದವರು ತಮ್ಮ ಲಾಭದಿಂದ ಸೋತವರ ನಷ್ಟ ತುಂಬಿಕೊಟ್ಟೂ ಏನಾದರೂ ಉಳಿಯುವಂತಿದ್ದರೆ ಆ ಬದಲಾವಣೆ ಒಳ್ಳೆಯದು. ನಿಜವಾಗಿ ತುಂಬಿಕೊಡಬೇಕೆಂದೇನೂ ಇಲ್ಲ, ತುಂಬಿಕೊಡುವಷ್ಟು ಇದ್ದರೆ ಸಾಕು! ಎರಡೇ ವರ್ಷಕ್ಕೆ, 1941ರಲ್ಲಿ, ಟಿಬೋರ್ ಸಿಟೊವ್‌ಸ್ಕಿ ಇದೇ ಪರೀಕ್ಷೆ ಬದಲಾವಣೆಯನ್ನೂ ಒಳ್ಳೆಯದೆನ್ನಬಹುದು, ಆದ ಬದಲಾವಣೆಯನ್ನು ಹಿಂತಿರುಗಿಸುವುದನ್ನೂ ಒಳ್ಳೆಯದೆನ್ನಬಹುದು ಎಂದು ತೋರಿಸಿದ. ಆದರೂ ಲಾಭ-ವೆಚ್ಚದ ಲೆಕ್ಕ ಇವತ್ತಿಗೂ ನಿಂತಿರುವುದು ಇದರ ಮೇಲೆಯೇ.

‘ಕೊಡಬಹುದಿತ್ತು’ ಎಂಬುದರ ಅರ್ಥ ಶರಾವತಿ ಕಣಿವೆಯವರಿಗೆ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಕೆಳಗಿನ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಕಾರ್ಖಾನೆಗಳು, ಬೆಂಗಳೂರಿನ ದೀಪಗಳು ಬಹುಕಾಲ ಆ ನೀರಿನ ಮೇಲೆ ನಡೆದವು. ರೂಪಾಯಿಯಲ್ಲಿ ಲಾಭ ಎಷ್ಟು ಎಂದು ಕೇಳಿದರೆ ಯಾವ ಲೆಕ್ಕದಲ್ಲೂ ಅಣೆಕಟ್ಟು ಗೆಲ್ಲುತ್ತದೆ. ಆ ಲಾಭದಲ್ಲಿ ಮುಳುಗಿದ ಊರುಗಳ ಒಂದೊಂದು ಮನೆಗೂ ಧಾರಾಳವಾಗಿ ಕೊಡಬಹುದಿತ್ತು. ಆದದ್ದೇನು? ಗದ್ದೆ, ಅಡಿಕೆ ತೋಟ ಬಿಟ್ಟು ಎದ್ದವರಿಗೆ ತೋರಿಸಿದ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿದದ್ದರಿಂದ, ಹಕ್ಕುಪತ್ರದ ತಕರಾರು ಆರು ದಶಕ ದಾಟಿ ಮೊಮ್ಮಕ್ಕಳ ಕಾಲಕ್ಕೂ ಬಂದಿದೆ. ಚುನಾವಣೆ ಬಂದಾಗೆಲ್ಲ ಶಿವಮೊಗ್ಗ ಜಿಲ್ಲೆಯಲ್ಲಿ ಈ ಮಾತು ಏಳುತ್ತದೆ, ಮುಗಿದ ಮೇಲೆ ಮಲಗುತ್ತದೆ. ಕಾಲ್ಡೋರ್-ಹಿಕ್ಸ್ ಪರೀಕ್ಷೆಯ ಪ್ರಕಾರ ಇದರಲ್ಲಿ ಯಾವ ಲೋಪವೂ ಇಲ್ಲ.

ಇನ್ನು ಹಿನ್ನೀರಿನ ಆಚೆ ಸಿಕ್ಕಿಹಾಕಿಕೊಂಡವರು. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಕಡೆಯ ಹಳ್ಳಿಗಳಿಗೆ ಪೇಟೆಯ ದಾರಿಯನ್ನು ನೀರು ಕತ್ತರಿಸಿತು. ಉಳಿದದ್ದು ಲಾಂಚ್, ಅಥವಾ ಸುತ್ತುಬಳಸಿನ ರಸ್ತೆ. ಬಸ್ಸು, ಜೀಪು, ಗಂಟುಮೂಟೆ, ಜನ ಎಲ್ಲವನ್ನೂ ಹೇರಿಕೊಂಡು ಲಾಂಚ್ ಆ ದಡಕ್ಕೆ ಹೋಗಬೇಕಿತ್ತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ ಏನು ಮಾಡುವುದೆಂಬುದು ಅಲ್ಲಿನವರ ಹಳೆಯ ಪ್ರಶ್ನೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸುಮಾರು 2.4 ಕಿ.ಮೀ. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಡುಪ್ಯೂಯಿಯ ಕೋಲು ಹಿಡಿದು ಈ ಸೇತುವೆಯನ್ನು ಅಳೆಯಿರಿ. ದಾಟುವ ಊರಿನವರು ಕಡಿಮೆ, ಅವರ ಆದಾಯ ಕಡಿಮೆ, ಆದ್ದರಿಂದ ಕೊಡಲೊಪ್ಪುವ ಹಣವೂ ಕಡಿಮೆ. ಖರ್ಚು ಮಾತ್ರ 400 ಕೋಟಿಗೂ ಮೇಲೆ. ಸಿಗಂದೂರು ಚೌಡೇಶ್ವರಿಗೆ ಊರೂರಿನಿಂದ ಬರುವ ಭಕ್ತರ ಕಾರುಗಳನ್ನು ಸೇರಿಸಿದರೆ ಲೆಕ್ಕ ಕೂಡೀತು. ದೇವಿ ಅಲ್ಲಿ ನೆಲೆಸದಿದ್ದರೆ? ತಮ್ಮದಲ್ಲದ ತಪ್ಪಿಗೆ ದ್ವೀಪವಾಸಿಗಳಾದವರಿಗೆ ದಾರಿ ಕೊಡುವುದು ಒಂದು ಋಣ ತೀರಿಸುವ ಕೆಲಸ. ಋಣದ ಪ್ರಶ್ನೆಯನ್ನು ಲಾಭದ ಪ್ರಶ್ನೆಯಾಗಿ ಬದಲಿಸುವುದೇ ಈ ವಿಧಾನದ ಮುಖ್ಯ ದೋಷ ಎಂದು ನನಗೆ ಅನ್ನಿಸುವುದು.

ಹಕ್ಕು ಯಾರದ್ದು ಎಂಬುದರ ಮೇಲೆ ಅಂಕಿಯೇ ಹಾರುತ್ತದೆ. 1974ರಲ್ಲಿ ಹ್ಯಾಮಕ್ ಮತ್ತು ಬ್ರೌನ್ ಅಮೆರಿಕದ ಬಾತುಕೋಳಿ ಬೇಟೆಗಾರರನ್ನು ಎರಡು ರೀತಿ ಕೇಳಿದರು. ಬೇಟೆಯ ಅವಕಾಶ ಉಳಿಸಿಕೊಳ್ಳಲು ಎಷ್ಟು ಕೊಡುತ್ತೀರಿ? ಸರಾಸರಿ 247 ಡಾಲರ್. ಅದನ್ನು ಬಿಟ್ಟುಕೊಡಲು ಎಷ್ಟು ಬೇಕು? 1,044. ಹಕ್ಕಿ ಅದೇ, ಕೆರೆ ಅದೇ, ಬೆಲೆ ನಾಲ್ಕು ಪಟ್ಟು. ಅಣೆಕಟ್ಟು ಕಟ್ಟುವಾಗ ಊರಿನವರನ್ನು ಯಾವ ಪ್ರಶ್ನೆ ಕೇಳಬೇಕು ಎಂಬುದಕ್ಕೆ ಉತ್ತರ ರೂಪಾಯಿಯಲ್ಲಿ ಇಲ್ಲ, ನೆಲ ಯಾರದ್ದು ಎಂಬ ನ್ಯಾಯದಲ್ಲಿದೆ. ಅಲಾಸ್ಕದ ಸಮೀಕ್ಷೆಯನ್ನು ‘ಚೊಕ್ಕ’ ಎಂದರಲ್ಲ, ಅದಕ್ಕೊಂದು ಜೊತೆಗಥೆಯಿದೆ. ವಲಸೆ ಹಕ್ಕಿಗಳು ತೈಲದ ಹೊಂಡಕ್ಕೆ ಬಿದ್ದು ಸಾಯುವುದನ್ನು ತಡೆಯಲು ಎಷ್ಟು ಕೊಡುತ್ತೀರಿ ಎಂದು ಇನ್ನೊಂದು ತಂಡ ಕೇಳಿತು. 2,000 ಹಕ್ಕಿಗೆ ಸರಾಸರಿ 80 ಡಾಲರ್, 20,000 ಹಕ್ಕಿಗೆ 78, ಎರಡು ಲಕ್ಷ ಹಕ್ಕಿಗೆ 88. ಎಕ್ಸಾನ್ ದುಡ್ಡು ಕೊಟ್ಟು ಮಾಡಿಸಿದ ಅಧ್ಯಯನವಾದ್ದರಿಂದ ಅನುಮಾನದಿಂದಲೇ ಓದಬೇಕು. ಆದರೂ ಜನ ಅಲ್ಲಿ ಹೇಳಿದ್ದು ಬೆಲೆಯನ್ನಲ್ಲ, ಮನಸ್ಸಿನ ನೋವನ್ನು. ಅದನ್ನು ಮನೆಗಳ ಸಂಖ್ಯೆಯಿಂದ ಗುಣಿಸಿದರೆ ಸಿಗುವುದು ಏನು?

ಕಾಡಿನ ದರದ ಬಗ್ಗೆ ಒಂದು ಸಣ್ಣ ಭಾಗಾಕಾರ ಮಾಡೋಣ. ಒಂದು ಹೆಕ್ಟೇರ್ ಎಂದರೆ ಸುಮಾರು 1,07,600 ಚದರಡಿ. 2008ರ ಅತಿ ಹೆಚ್ಚಿನ ದರ 10.43 ಲಕ್ಷವನ್ನು ಹಂಚಿದರೆ ಚದರಡಿಗೆ ಹತ್ತು ರೂಪಾಯಿಯೂ ಆಗುವುದಿಲ್ಲ. 2022ರಲ್ಲಿ ಪರಿಷ್ಕರಿಸಿ 15.95 ಲಕ್ಷಕ್ಕೆ ಏರಿಸಿದ ಮೇಲೂ 15 ರೂಪಾಯಿಯ ಒಳಗೇ. ಅಭಯಾರಣ್ಯಕ್ಕೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು ಎಂಬ ನಿಯಮವುಂಟು. ಹತ್ತು ಪಟ್ಟಾದರೂ ಚದರಡಿಗೆ 150 ದಾಟದು. ಬೆಂಗಳೂರಿನ ಹೊರವಲಯದಲ್ಲಿ ಸೈಟು ಕೊಳ್ಳಲು ಹೋದವರು ಈ ದರ ಕೇಳಿದರೆ ನಗುತ್ತಾರೆ. ದರ ಏರಿಸಿ ಎಂದು ಜಗಳವಾಡಬಹುದು ಎಂದರು. ಎಲ್ಲಿಗೆ ಏರಿಸುವುದು? ಹಳ್ಳದ ದಂಡೆಯ ಅಪ್ಪೆಮಿಡಿ ಮರ, ಮಳೆಗಾಲದಲ್ಲಿ ಉಪ್ಪಾಗೆ ಹಣ್ಣು ಆರಿಸಿ ಒಣಗಿಸಿ ನಾಲ್ಕು ಕಾಸು ಕಾಣುವ ಮನೆ, ಅಡಿಕೆ ತೋಟಕ್ಕೆ ಸೊಪ್ಪು ಬರುವ ಬೆಟ್ಟ, ಇವು ಒಂದೊಂದಕ್ಕೂ ದರಪಟ್ಟಿ ಬರೆದರೂ, ಆ ಹಣ ಹೋಗುವುದು ನಿಧಿಗೆ. ಸೊಪ್ಪು ಕಳೆದುಕೊಂಡವರ ಮನೆಗೆ ಬರುವುದಿಲ್ಲ. ಹಣ ಕಟ್ಟಿದ ಕಂಪನಿಗೆ ಮಾತ್ರ ‘ಎಲ್ಲ ಚುಕ್ತಾ’ ಎಂಬ ನೆಮ್ಮದಿ.

ಕಾಲದ ವಿಷಯದಲ್ಲಿ ಈ ಲೆಕ್ಕ ಇನ್ನೂ ನಿಷ್ಕರುಣಿ. ಮುಂದಿನ ಲಾಭ-ನಷ್ಟವನ್ನು ಇವತ್ತಿನ ಬೆಲೆಗೆ ತರಲು ವರ್ಷಕ್ಕೆ ಶೇ 8ರ ದರದಲ್ಲಿ ಇಳಿಸಿದರೆ, ನೂರು ವರ್ಷದ ನಂತರ ಆಗುವ ಒಂದು ಕೋಟಿ ರೂಪಾಯಿಯ ನಷ್ಟ ಇವತ್ತಿಗೆ ಸುಮಾರು 4,500 ರೂಪಾಯಿ.

ಹಾಗಾದರೆ ಅಳೆಯುವುದೇ ಬೇಡವೇ? ಅಳೆಯಿರಿ, ಆದರೆ ಎಲ್ಲವನ್ನೂ ಒಂದೇ ಹಂಡೆಗೆ ಸುರಿಯಬೇಡಿ. ಖರ್ಚು ರೂಪಾಯಿಯಲ್ಲಿರಲಿ. ಉಳಿದ ಹೊತ್ತು ಗಂಟೆಗಳಲ್ಲಿರಲಿ, ಶ್ರೀಮಂತರಿಗೂ ಬಡವರಿಗೂ ಗಂಟೆಗೆ ಅರವತ್ತೇ ನಿಮಿಷ. ಒಕ್ಕಲೆದ್ದ ಮನೆಗಳು ಮನೆಗಳಾಗಿಯೇ ಇರಲಿ, ಯಾವ ಊರಿನವು ಎಂಬುದೂ ಇರಲಿ. ಸೂಚ್ಯಂಕದೊಳಗೂ ಬೆಲೆ ಅಡಗಿದೆ ಎಂಬ ರವಾಲಿಯನ್ ಅವರ ಮಾತನ್ನು ಒಪ್ಪುತ್ತೇನೆ. ನನಗೆ ಅದು ಹೇಳುವುದು ಒಂದೇ ಅಂಕಿಗೆ ಕಟ್ಟುವ ಚಪಲವನ್ನು ಬಿಡಿ ಎಂದು.

ಒಂದೇ ಅಂಕಿ ಇಲ್ಲದೆಯೂ ತೀರ್ಮಾನ ಸಾಧ್ಯವೆಂಬುದಕ್ಕೆ ಒಡಿಶಾದ ನಿಯಮಗಿರಿ ಇದೆ. ವೇದಾಂತ ಕಂಪನಿಯ ಕಾರ್ಖಾನೆಗಾಗಿ ಆ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆ ನಡೆಸಬೇಕೆಂದಿತ್ತು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಡೊಂಗ್ರಿಯಾ ಕೊಂಧ ಬುಡಕಟ್ಟಿನವರು ಮತ್ತಿತರರ ಹಕ್ಕು, ನಂಬಿಕೆಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಿ ಎಂದಿತು. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಬೇಡವೆಂದವು, 2014ರ ಜನವರಿಯಲ್ಲಿ ಕೇಂದ್ರ ಅನುಮತಿ ನಿರಾಕರಿಸಿತು. ಗ್ರಾಮಸಭೆಯಲ್ಲೂ ಪುಢಾರಿಗಳ ಕೈಮೇಲಾಗುವುದುಂಟು, ಹೆಂಗಸರ ದನಿ ಕೇಳದೆ ಹೋಗುವುದುಂಟು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಕನಿಷ್ಠ ಅಲ್ಲಿ, ಕಳೆದುಕೊಳ್ಳುವವರು ಎದುರಿಗೆ ಕೂತಿರುತ್ತಾರೆ ಮತ್ತು ಅವರಿಗೆ ‘ಇಲ್ಲ’ ಎನ್ನುವ ಅವಕಾಶ ಇರುತ್ತದೆ.